ಮೂರೂರ ಕವಿತೆಗೆ ನಾನು ಬರೆದ ವಿಮರ್ಶೆ

ನಿಷ್ಪಕ್ಷಪಾತ ಎಂಬುದು ಕಚೇರಿಯಲ್ಲಿ ಗುಣ, ಮನೆಯಲ್ಲಿ ರೋಗ. ಇದು ನನಗೆ ತಡವಾಗಿ ತಿಳಿಯಿತು. ಹಾವೇರಿಯಲ್ಲಿ ಪತ್ರಿಕೆಯ ವರದಿಗಾರನಾಗಿ ಅಪಘಾತ, ಸಭೆ, ಮೆಣಸಿನಕಾಯಿ ದರ ಎಲ್ಲವನ್ನೂ ಒಂದೇ ದನಿಯಲ್ಲಿ ಬರೆದು ರೂಢಿಯಾದ ನನಗೆ ಪುರವಣಿಯವರು ಕವನ ಪುಸ್ತಿಕೆಗಳ ವಿಮರ್ಶೆಯನ್ನೂ ವಹಿಸಿದ್ದಾರೆ. ನನಗೆ ಕಾವ್ಯ ತಿಳಿಯುತ್ತದೆ ಎಂದಲ್ಲ. ಹೇಳಿದ ಹೊತ್ತಿಗೆ, ಹೇಳಿದ ಅಳತೆಗೆ ಬರೆದುಕೊಡುತ್ತೇನೆ ಎಂದು. ಈಗಿನ ಪುಸ್ತಿಕೆಗಳು ಮದುವೆ ಆಮಂತ್ರಣಕ್ಕಿಂತ ತೆಳ್ಳಗಿರುತ್ತವೆ. ಮುನ್ನುಡಿ, ಬೆನ್ನುಡಿ, ಕೃತಜ್ಞತೆ ಕಳೆದರೆ ಉಳಿಯುವುದು ಒಂದು ಕಪ್ ಚಹಾ ಮುಗಿಯುವಷ್ಟು ಕವಿತೆ.

ಹಾಗೆ ಬಂದವುಗಳಲ್ಲಿ ನನ್ನ ಹೆಂಡತಿ ಶೈಲಾಳ ಪುಸ್ತಿಕೆಯೂ ಇತ್ತು. ಅವಳೊಬ್ಬಳದೇ ಅಲ್ಲ. ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿರುವ ಬಸವರಾಜ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಈರಣ್ಣ ಮತ್ತು ಇವಳು ವಾಟ್ಸ್ಆ್ಯಪ್‌ನಲ್ಲಿ ಸರದಿಯಂತೆ ಒಂದೊಂದು ಸಾಲು ಹಾಕಿ ಕವಿತೆ ಕಟ್ಟುತ್ತಾರೆ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬರೆಯುವಂತಿಲ್ಲ. ಯಾವ ಸಾಲು ಯಾರದೆಂದು ಹೊರಗೆ ಹೇಳುವಂತಿಲ್ಲ. ಮುಖಪುಟದ ಮೇಲೆ ‘ಮೂರೂರ ಬಳಗ’ ಎಂದಷ್ಟೇ ಇತ್ತು. ‘ಇದು ನಮ್ಮ ಮನೆಯದು, ಬೇರೆಯವರಿಗೆ ಕೊಡಿ’ ಎಂದು ಕಚೇರಿಗೆ ತಿಳಿಸುವುದು ಶಿಸ್ತು. ನಾನು ತಿಳಿಸಲಿಲ್ಲ. ಮನೆಯವರ ಬಗ್ಗೆಯೂ ತೂಕ ತಪ್ಪದೆ ಬರೆಯಬಲ್ಲೆ ಎಂಬ ಜಂಬ.

ಒಂದು ಉಪಾಯವನ್ನೂ ಮಾಡಿದೆ: ಹೆಂಡತಿಯ ಸಾಲುಗಳ ತಂಟೆಗೇ ಹೋಗಬಾರದು. ಹೊಸ್ತಿಲು, ಅಂಗಳ, ಒಲೆ ಕಂಡಲ್ಲೆಲ್ಲ ಅವಳದೆಂದು ಬಿಟ್ಟುಬಿಟ್ಟೆ. ‘ಚೀಲ ಬಿಚ್ಚಿದ ಕೂಡಲೇ ಬೀದಿಯೆಲ್ಲ ಅತ್ತಿತು’ ಎಂಬುದು ಈರಣ್ಣನದೇ ಎಂದುಕೊಂಡು, ‘ಮೆಣಸಿನಕಾಯಿಯ ನಡುವೆ ಬಾಳಿದವರ ಅನುಭವ’ ಎಂದು ಹೊಗಳಿದೆ. ‘ಪೊಟ್ಟಣದ ಬೀಜಕ್ಕೆ ತಾನು ಬೀಳುವ ಹೊಲ ಗೊತ್ತಿಲ್ಲ’ ಎಂಬುದು ಬಸವರಾಜನದೇ ಎಂದುಕೊಂಡು, ‘ಕಂಪನಿ ಜಾಹೀರಾತಿನ ವಾಸನೆ’ ಎಂದು ಬರೆದೆ.

ಭಾನುವಾರ ಶೈಲಾ ಪತ್ರಿಕೆ ಓದಿ ಮಡಚಿಟ್ಟಳು.

“ತವರಮನಿ ಕರ್ಜಗಿ ಬಿಟ್ಟು ನಿಮ್ಮ ಮನಿಗೆ ಬರೂ ದಿವಸ ನೆನಸಿ ಬರದಿದ್ದೆ ಆ ಬೀಜದ ಸಾಲನ್ನ. ಜಾಹೀರಾತಂತ ಜಾಹೀರಾತು! ನಾ ಇನ್ನ ಬರಿಯೂದಿಲ್ಲ.”

ಬರೆಯಲೂ ಇಲ್ಲ. ಹೊಸ ಕವಿತೆಯೊಂದು ಅವಳ ಸರದಿಗೆ ಬಂದು ನಿಂತುಬಿಟ್ಟಿತು. ವಾರ ಕಾದು ಉಳಿದಿಬ್ಬರು ಮನೆಗೇ ಬಂದರು.

“ಆ ಚೀಲದ ಸಾಲು ನಂದ್ರಿ ಸಾಹೇಬ್ರ,” ಎಂದ ಬಸವರಾಜ. “ಬ್ಯಾಡಗಿ ಪ್ಯಾಟಿಗೆ ಒಮ್ಮೆ ಹೋಗಿ, ಸೀನಿ ಸೀನಿ ಸಾಕಾಗಿ ಬರದೇನಿ. ಬಾಳಿದವರ ಅನುಭವ ಅಂತ ಓದಿ ನಮ್ಮಾಕಿ ನಕ್ಕಿದ್ದ ನಕ್ಕಿದ್ದು.”

“ನಮಗ ಅಲ್ಲೆ ಕಣ್ಣಾಗ ನೀರ ಬರೂದಿಲ್ಲ ಬಿಡ್ರಿ,” ಎಂದ ಈರಣ್ಣ. “ಹೊಸ್ತಿಲಾ, ಅಂಗಳಾ ಎಲ್ಲಾ ನಾ ಬರದಿದ್ದು. ಅದರ ಬಗ್ಗೆ ಒಂದ ಮಾತೂ ಬರೀಲಿಲ್ಲಲ್ರಿ ನೀವು?” ಆಮೇಲೆ ಅಡುಗೆಮನೆಯ ಕಡೆ ತಿರುಗಿದ. “ಶೈಲಕ್ಕಾ, ಗಾಡಿ ನಿಂತೈತಿ. ಒಂದ ಸಾಲು ಹಾಕವಾ.”

“ಅವರ ಹಾಕ್ಲಿ. ಎಲ್ಲಾ ತಿಳದಾರ ಅವರು,” ಎಂದು ಒಳಗಿನಿಂದ ದನಿ ಬಂತು.

ಮೂವರ ಒಪ್ಪಿಗೆ ಸಿಕ್ಕಂತಾಯಿತು. ಕವಿತೆ ‘ಬೆಳಕು ಹರಿಯುವ ಮೊದಲೇ ಬಸ್ಸು ಹೊರಟಿತು’ ಎಂಬಲ್ಲಿ ನಿಂತಿತ್ತು. ನಾನು ಶೈಲಾಳ ಫೋನು ತೆಗೆದುಕೊಂಡು, ಬೆವರಿ, ಯೋಚಿಸಿ ಬರೆದೆ: ‘ಬಸ್ಸಿನಲ್ಲಿ ನಲವತ್ತು ಜನರಿದ್ದರು, ಯಾರಿಗೂ ಗಾಯಗಳಾಗಿಲ್ಲ.’

ಬಸವರಾಜ ಕೆಮ್ಮಿದ. ಈರಣ್ಣ ಛಾವಣಿ ನೋಡಿದ. ಚಹಾ ತಂದ ಶೈಲಾ ಬಗ್ಗಿ ಓದಿದವಳು ತಟ್ಟೆಯನ್ನು ಕೆಳಗಿಟ್ಟು, ಸೆರಗು ಬಾಯಿಗಿಟ್ಟು ನಗತೊಡಗಿದಳು.

“ಯವ್ವಾ! ಇನ್ನ ಬಸ್ಸ ಸ್ಟ್ಯಾಂಡ ಬಿಟ್ಟಿಲ್ಲ, ಗಾಯ ಎಲ್ಲಿಂದ ಬಂತ್ರೀ? ಕೊಡ್ರಿ ಇಲ್ಲೆ.”

ಫೋನು ಕಿತ್ತುಕೊಂಡು ನನ್ನದನ್ನು ಅಳಿಸಿ, ನಿಂತಲ್ಲೇ ಬರೆದಳು: ‘ಕಿಟಕಿಗೆ ಕೂತವಳ ಮಡಿಲಲ್ಲಿ ಅರ್ಧ ಊರಿತ್ತು.’

“ಹಾಂ! ಈಗ ಹೊಂಟಿತು ಗಾಡಿ,” ಎಂದ ಈರಣ್ಣ.

ನನ್ನ ಸಾಲಿನಲ್ಲೂ ಒಳಾರ್ಥವಿದೆ, ಕಾಣುವ ಗಾಯವೇ ಬೇರೆ ಕಾಣದ ಗಾಯವೇ ಬೇರೆ ಎಂದು ವಿವರಿಸಲು ಹೊರಟೆ. ಮೂವರೂ ಆಗಲೇ ಮುಂದಿನ ಸಾಲಿನಲ್ಲಿದ್ದರು. ಅಂದಿನಿಂದ ಆ ಸಾಲನ್ನು ಒಬ್ಬನೇ ಗುಟ್ಟಾಗಿ ಬೆಳೆಸುತ್ತಿದ್ದೇನೆ. ಒಂದು ಪುಸ್ತಿಕೆಗಾಗುವಷ್ಟು ಆಗಿದೆ. ಅಚ್ಚು ಹಾಕಿಸಲು ಮಾತ್ರ ಧೈರ್ಯವಿಲ್ಲ. ಈ ಜಿಲ್ಲೆಯಲ್ಲಿ ಅದು ವಿಮರ್ಶೆಗೆ ಯಾರ ಕೈ ಸೇರುತ್ತದೆಂದು ನನಗೆ ಗೊತ್ತು. ಆ ಮನುಷ್ಯನನ್ನು ನಂಬುವಂತಿಲ್ಲ.