ಹಗ್ಗದ ಹಿಂದಿನ ತುದಿ

ಭಾವಮೈದನ ಹೊಸ ಜೀಪಿಗೆ ಏನಿರಲಿಲ್ಲ? ಮುಂದೆ ಹುಲಿಯ ಕಣ್ಣಿನಂಥ ದೀಪಗಳಿದ್ದವು, ನೆತ್ತಿಯ ಮೇಲೆ ಆಕಾಶ ನೋಡುವ ಕಿಟಕಿ ಇತ್ತು, ಕೂತವರ ಬೆನ್ನು ಬೆಚ್ಚಗೆ ಮಾಡುವ ಸೀಟು ಇತ್ತು. ಹಿಂದೆ ಒಂದು ಕೊಕ್ಕೆ ಮಾತ್ರ ಇರಲಿಲ್ಲ. ಆ ಕೊಕ್ಕೆಯಿಲ್ಲದೆ ರೇಸಣ್ಣನ ಭಾನುವಾರ ಬೆಳಗ್ಗೆಯೇ ದಾರಿ ತಪ್ಪಿತು.

ರೇಸಣ್ಣ ಕನ್ನಡಕದ ಅಂಗಡಿ ಇಟ್ಟುಕೊಂಡವನು. ನಡೆದರೆ ಇರುವೆಗಳೂ ಪಕ್ಕದಿಂದ ದಾಟಿಕೊಂಡು ಹೋಗುತ್ತಿದ್ದವು. ಹಾಗಾಗಿ ಓಣಿಯ ಮಕ್ಕಳೆಲ್ಲ ಆ ಹೆಸರು ಗೇಲಿಗೆ ಇಟ್ಟಿದ್ದು ಅಂದುಕೊಂಡಿದ್ದರು. ನಿಜ ಹಾಗಲ್ಲ. ತಲೆತುಂಬ ಕೂದಲಿದ್ದ ಕಾಲದಲ್ಲಿ ರೇಸಣ್ಣ ಊರಾಚೆಯ ಟ್ರ್ಯಾಕಿನಲ್ಲಿ ತಾನೇ ಜೋಡಿಸಿದ ಕೆಂಪು ಕಾರು ಓಡಿಸುತ್ತಿದ್ದ. ಆ ಕಾರು ಈಗಲೂ ಹಿತ್ತಲ ಶೆಡ್ಡಿನಲ್ಲಿತ್ತು. ವಾರಕ್ಕೊಮ್ಮೆ ಅದರ ಮೈ ಒರೆಸಿ, ಒಳಗೆ ಕೂತು, ಬಾಯಲ್ಲೇ ಗೇರು ಬದಲಿಸಿ ಎದ್ದು ಬರುವುದು ಅವನ ರೂಢಿ.

ಆ ಟ್ರ್ಯಾಕನ್ನು ಈಗ ಮುಚ್ಚುವವರಿದ್ದರು. ಅಲ್ಲಿ ಯಾರೋ ಗೋದಾಮು ಕಟ್ಟುತ್ತಾರಂತೆ. ಮುಚ್ಚುವ ಮುಂಚೆ, ಹಿಂದೆ ಅಲ್ಲಿ ಓಡಿದ ಕಾರುಗಳೆಲ್ಲ ಬಂದು ಒಂದೊಂದು ಸುತ್ತು ಹಾಕಬಹುದು ಅಂತ ಕರೆ ಬಂದಿತ್ತು. ಅದು ಈ ಭಾನುವಾರ. ಆದರೆ ಕೆಂಪು ಕಾರಿಗೆ ದೀಪವಿಲ್ಲ, ಹಾರನ್ನಿಲ್ಲ, ನಂಬರಿಲ್ಲ. ರಸ್ತೆಯ ಮೇಲೆ ತಾನಾಗಿ ಓಡುವ ಹಾಗಿಲ್ಲ. ಬೇರೆ ಗಾಡಿ ಹಗ್ಗ ಕಟ್ಟಿ ಎಳೆಯಬೇಕು, ರೇಸಣ್ಣ ಹಿಂದೆ ಕೂತು ಸ್ಟೇರಿಂಗ್ ತಿರುಗಿಸಬೇಕು.

ಹಿಂದಿನ ಕಾಲದಲ್ಲಿ ಅದನ್ನು ಎಳೆಯುತ್ತಿದ್ದದ್ದು ಅವನ ಮಾವನ ಲಾಂಡ್ರಿ ವ್ಯಾನು. ಆಗಿನ್ನೂ ಅವರು ಮಾವ ಆಗಿರಲಿಲ್ಲ. ಅವರ ಮಗಳು ವ್ಯಾನಿನ ಮುಂದಿನ ಸೀಟಿನಲ್ಲಿ ಎರಡು ಜಡೆ ಹಾಕಿಕೊಂಡು ಕೂತು ಬರುತ್ತಿದ್ದಳು. ಈಗ ಆ ಮಗಳೇ ಲಾಂಡ್ರಿ ನಡೆಸುತ್ತಿದ್ದಳು, ಅದೇ ವ್ಯಾನು ಓಡಿಸುತ್ತಿದ್ದಳು, ರೇಸಣ್ಣನ ಸಂಸಾರವನ್ನೂ ಎಳೆಯುತ್ತಿದ್ದಳು.

ಟ್ರ್ಯಾಕಿನ ಕರೆ ಬಂದ ದಿನ ಊಟಕ್ಕೆ ಬಡಿಸುತ್ತ ಅವಳೇ ಕೇಳಿದ್ದಳು, "ನಮ್ಮ ವ್ಯಾನಿದೆಯಲ್ಲ, ಅದರಲ್ಲೇ ಎಳ್ಕೊಂಡು ಹೋಗೋಣ್ವಾ?"

"ಕೊನೇ ದಿನ ಕಣೇ. ಹಳಬರೆಲ್ಲ ಬಂದಿರ್ತಾರೆ. ಕೊಳೆ ಬಟ್ಟೆ ಗಾಡಿ ಹಿಂದೆ ನೇತಾಡ್ಕೊಂಡು ಹೋಗಿ ಇಳಿಯೋದಾ?" ಅಂದ ರೇಸಣ್ಣ.

ಪಲ್ಯ ಹೊತ್ತಿದ್ದ ಸೌಟು ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಪಾತ್ರೆಗೇ ವಾಪಸಾಯಿತು. ಆ ಮಾತು ಅಲ್ಲಿಗೆ ಮುಗಿಯಿತು.

ಹೀಗಾಗಿ ಭಾವಮೈದನ ಜೀಪು ಗೊತ್ತು ಮಾಡಿದ್ದಾಗಿತ್ತು. ಆ ಭಾನುವಾರ ಬೆಳಗ್ಗೆ ಅವನು ಹಾರನ್ನು ಹೊಡೆಯುತ್ತ ಬಂದ. ರೇಸಣ್ಣನ ಹೆಂಡತಿ ಬಟ್ಟೆ ಗಂಟುಗಳನ್ನು ವ್ಯಾನಿಗೆ ತುಂಬಿಕೊಂಡು ಆಗಲೇ ಹೊರಟುಹೋಗಿದ್ದಳು. ರೇಸಣ್ಣ ಹಳೆಯ ಹೆಲ್ಮೆಟ್ಟು ಹಾಕಿಕೊಂಡು, ಹಗ್ಗ ಹಿಡಿದು, ಜೀಪಿನ ಹಿಂಭಾಗವನ್ನು ಡಾಕ್ಟರು ಗಂಟಲು ನೋಡುವ ಹಾಗೆ ಬಗ್ಗಿ ನೋಡಿದ.

"ಕೊಕ್ಕೆ ಎಲ್ಲಪ್ಪಾ?"

"ಕೊಕ್ಕೆ ಯಾಕೆ ಭಾವ? ಬಂಪರ್ ಇದೆಯಲ್ಲ. ಆನೆ ಕಟ್ಟಿದ್ರೂ ಎಳೆಯುತ್ತೆ."

ಎದುರುಮನೆಯ ನಿವೃತ್ತ ಬಸ್ ಡ್ರೈವರು ಕಾಫಿ ಲೋಟದ ಸಮೇತ ಹೊರಗೆ ಬಂದರು. ಓಣಿಯಲ್ಲಿ ಚಕ್ರವಿರುವ ಯಾವ ವಸ್ತು ಅಲುಗಾಡಿದರೂ ಅವರಿಗೆ ಒಳಗೆ ಕೂರಲಾಗುತ್ತಿರಲಿಲ್ಲ. ಗಂಟು ಹೇಗೆ ಹಾಕಬೇಕು ಅಂತ ಅವರೇ ತೋರಿಸಿದರು. ಜೀಪಿನ ಮೈ ಎರಡು ಸಲ ತಟ್ಟಿ "ರೈಟ್! ರೈಟ್!" ಎಂದು ಕೂಗಿದರು.

ಜೀಪು ಗತ್ತಿನಿಂದ ಮುಂದೆ ಹೋಯಿತು. ಬಂಪರು ಹಿಂದೆ ಉಳಿಯಿತು.

ಒಳಗೆ ಹಾಡು ಜೋರಾಗಿದ್ದರಿಂದ ಭಾವಮೈದನಿಗೆ ಗೊತ್ತಾಗಲಿಲ್ಲ. ಓಣಿಯ ತುದಿ ತಿರುಗುವಾಗ ಕನ್ನಡಿಯಲ್ಲಿ ನೋಡಿದ. ದೂರದಲ್ಲಿ ಭಾವ ಹೆಲ್ಮೆಟ್ಟಿನೊಳಗೆ ಬೆಪ್ಪಾಗಿ ಕೂತಿದ್ದ. ಅವನ ಮುಂದೆ ಜೀಪಿನ ಬಂಪರು ಹಗ್ಗ ಕಟ್ಟಿದ ನಾಯಿಮರಿಯಂತೆ ಮಲಗಿತ್ತು. ವಾಪಸು ಬಂದವನು ಬಂಪರನ್ನು ಮಗುವಿನ ಹಾಗೆ ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಮಲಗಿಸಿದ. "ಅಕ್ಕನಿಗೋಸ್ಕರ ಸುಮ್ಮನಿದ್ದೀನಿ ಭಾವ" ಎಂದಷ್ಟೇ ಹೇಳಿ ಹೋದ.

"ಪ್ಲಾಸ್ಟಿಕ್ಕು" ಅಂದರು ಡ್ರೈವರು ಕಾಫಿ ಹೀರುತ್ತ. "ನಮ್ಮ ಬಸ್ಸಿಗೆ ಕಬ್ಬಿಣದ್ದಿತ್ತು. ತಡೀರಿ, ನಾನು ಗಾಡಿ ತರಿಸ್ತೀನಿ."

ತರಿಸಿದ್ದು ಮುಂದಿನ ಓಣಿಯ ಡ್ರೈವಿಂಗ್ ಸ್ಕೂಲಿನ ಕಾರು. ಅದರ ಹಿಂದೆ ಗಟ್ಟಿ ಕೊಕ್ಕೆಯೂ ಇತ್ತು, 'ಕಲಿಯುತ್ತಿದ್ದಾರೆ, ದಯವಿಟ್ಟು ಸಹಿಸಿಕೊಳ್ಳಿ' ಎಂಬ ಹಲಗೆಯೂ ಇತ್ತು. ಸ್ಕೂಲಿನ ಮೇಡಂ ಕಟ್ಟುನಿಟ್ಟಿನ ಹೆಂಗಸು. "ಎಳೀತೀನಿ. ಆದ್ರೆ ಈಗ ಕ್ಲಾಸಿನ ಟೈಮು, ಪಾಠ ನಿಲ್ಲಿಸಲ್ಲ" ಅಂದರು. ಸ್ಟೇರಿಂಗಿನ ಮುಂದೆ ಒಬ್ಬ ದಪ್ಪ ಮೀಸೆಯ ಕ್ಷೌರಿಕ, ಕೈಗೆ ಕತ್ತರಿಯಿಲ್ಲದೆ ನಡುಗುತ್ತ ಕೂತಿದ್ದ.

ಆ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವನಿಗೆ, ಇನ್ನೊಂದು ಮೇಡಮ್ಮಿಗೆ. ಎದುರಿಗೆ ಸೈಕಲ್ಲು ಬಂದರೆ ಮೇಡಂ ಒತ್ತುತ್ತಿದ್ದರು. ಬರದಿದ್ದರೂ, ಬರಬಹುದು ಅಂತ ಒತ್ತುತ್ತಿದ್ದರು. ಪ್ರತಿ ಸಲವೂ ರೇಸಣ್ಣನ ಕಾರು 'ಢಣ್' ಎಂದು ಮೂತಿ ಗುದ್ದಿಕೊಳ್ಳುತ್ತಿತ್ತು. ಕ್ಷೌರಿಕ ಬೆಚ್ಚಿಬಿದ್ದು ಆಕ್ಸಿಲರೇಟರು ತುಳಿಯುತ್ತಿದ್ದ, ಹಗ್ಗ ಸೆಟೆದು ರೇಸಣ್ಣನ ಕುತ್ತಿಗೆ ಹಿಂದಕ್ಕೆ ಹೋಗುತ್ತಿತ್ತು. ಹೀಗೆ ಗುದ್ದುತ್ತ ಜಗ್ಗುತ್ತ ಅಂಚೆ ಕಚೇರಿ ತಿರುವಿಗೆ ಬರುವಷ್ಟರಲ್ಲಿ ಕೆಂಪು ಕಾರಿನ ಮೂತಿ ನೆಗಡಿ ಬಂದವರ ಮೂಗಿನಂತಾಗಿತ್ತು.

ಮೇಡಂ ಇಳಿದು ಬಂದರು. "ನೋಡಿ, ಮುಂದಿನ ಗಾಡಿಯಿಂದ ಅಂತರ ಕಾಯ್ದುಕೊಳ್ಳಬೇಕು. ಇದು ಮೊದಲನೇ ಪಾಠ."

"ಹಗ್ಗ ಇರೋದೇ ಇಷ್ಟುದ್ದ ಮೇಡಂ! ಎಲ್ಲಿಂದ ತರ್ಲಿ ಅಂತರಾನ?"

"ವಾದ ಮಾಡೋರಿಗೆ ಲೈಸೆನ್ಸ್ ಕೊಟ್ಟೋರು ಯಾರು?" ಎಂದು ಅವರು ಹಗ್ಗ ಬಿಚ್ಚಿ ಅವನ ಮಡಿಲಿಗೆ ಹಾಕಿದರು. ಕ್ಷೌರಿಕ ಅಷ್ಟರಲ್ಲಿ ಇಳಿದು, ನಡೆದೇ ಮನೆಗೆ ಹೋಗಿಬಿಟ್ಟಿದ್ದ.

ನಡುರಸ್ತೆಯಲ್ಲಿ ದೀಪವಿಲ್ಲದ, ಹಾರನ್ನಿಲ್ಲದ ಕಾರು. ಒಳಗೆ ಹೆಲ್ಮೆಟ್ಟು ತೊಟ್ಟ ರೇಸಣ್ಣ. ಹಿಂದೆ ಬಸ್ಸುಗಳ ಸಾಲು ಬೆಳೆಯುತ್ತಿತ್ತು. ಸ್ಕೂಲಿನ ಕಾರಿನಲ್ಲೇ ಕೂತು ಬಂದಿದ್ದ ಡ್ರೈವರು ಪಾಪ, ಇಡೀ ಸಂಚಾರವನ್ನು ಕೈಬೀಸಿ ಪಕ್ಕಕ್ಕೆ ಕಳಿಸುತ್ತ ಬೆವರು ಸುರಿಸುತ್ತಿದ್ದರು. ರೇಸಣ್ಣನಿಗೆ ಎಲ್ಲ ಮುಗಿಯಿತು ಅನ್ನಿಸಿತು. ಆ ಟ್ರ್ಯಾಕಿನ ಎಣ್ಣೆ ವಾಸನೆ, ಬೇಲಿಯ ಮೇಲೆ ಕೂತ ಜನರ ಗಲಾಟೆ, ಗೆಳೆಯರ ಕಪ್ಪು ಕೈಗಳು ಎಲ್ಲ ನೆನಪಾದವು. ಇನ್ನೊಂದೇ ಒಂದು ಸುತ್ತು ಕೇಳಿದ್ದ. ಅದೂ ಅಂಚೆ ಕಚೇರಿ ಹತ್ತಿರ ಮುಗಿಯಬೇಕೆ?

ಆಗ ಸಾಲಿನ ಪಕ್ಕದಿಂದ ನುಗ್ಗಿಕೊಂಡು ಬಂದು ಅವನ ಮುಂದೆ ನಿಂತದ್ದು ಲಾಂಡ್ರಿ ವ್ಯಾನು. ಅದರ ಹಿಂಬಾಗಿಲಿನ ಮೇಲೆ ಮಾವನ ಕಾಲದ ಅಕ್ಷರಗಳು: 'ನಿಮ್ಮ ಕೊಳೆ, ನಮ್ಮ ಹೊಣೆ.'

ಹೆಂಡತಿ ಇಳಿದು, ಹಗ್ಗ ತೆಗೆದುಕೊಂಡು, ಕಣ್ಣುಮುಚ್ಚಿದರೂ ಗೊತ್ತಿರುವ ಹಾಗೆ ಕೊಕ್ಕೆಗೆ ಗಂಟು ಹಾಕಿದಳು. ಆಮೇಲೆ ಗಂಡನ ಕಡೆ ನೋಡಿದಳು. "ಮರ್ಯಾದೆ ಹೋಗಲ್ಲ ತಾನೆ?"

"ಇಲ್ಲ ಕಣೇ" ಅಂದ ರೇಸಣ್ಣ ಹೆಲ್ಮೆಟ್ಟಿನೊಳಗಿಂದ. ಡ್ರೈವರು ವ್ಯಾನಿನ ಮುಂದಿನ ಸೀಟು ಹತ್ತಿದರು.

"ದಾರೀಲಿ ಆಸ್ಪತ್ರೆಗೆ ಹಾಸಿಗೆ ಬಟ್ಟೆ ಕೊಟ್ಟು ಹೋಗ್ಬೇಕು. ಐದು ನಿಮಿಷ" ಅಂದಳು.

ಆಸ್ಪತ್ರೆಯ ಹಿಂಬಾಗಿಲಲ್ಲಿ ಅವಳು ಒಗೆದ ಬಟ್ಟೆ ಇಳಿಸುತ್ತಿದ್ದಳು. ಅಷ್ಟರಲ್ಲಿ ಒಳಗಿಂದ ಬಂದ ಆಯಾ ಹಗ್ಗದ ಉದ್ದಕ್ಕೂ ಕಣ್ಣು ಹಾಯಿಸಿ, ಇದೂ ಲಾಂಡ್ರಿಯದೇ ಗಾಡಿ ಅಂದುಕೊಂಡು, ಕೊಳೆ ಬಟ್ಟೆಯ ದೊಡ್ಡ ಗಂಟೊಂದನ್ನು ರೇಸಣ್ಣನ ತೊಡೆಯ ಮೇಲೆ ಕುಕ್ಕಿದಳು. "ಇದನ್ನೂ ಹಾಕ್ಕೊಳಪ್ಪಾ. ನಾಳೆ ಬೇಕು."

ಹೆಲ್ಮೆಟ್ಟಿನೊಳಗಿಂದ ಅವನು ಹೇಳಿದ್ದು ಆಯಾಗೆ ಕೇಳಲಿಲ್ಲ. ಹೀಗೆ ರೇಸಣ್ಣ ಟ್ರ್ಯಾಕು ಸೇರಿದ್ದು ಲಾಂಡ್ರಿ ವ್ಯಾನಿನ ಹಿಂದೆ, ಮೂತಿ ಸೊಟ್ಟಗಾದ ಕಾರಿನಲ್ಲಿ, ಗಂಟು ತಬ್ಬಿಕೊಂಡು.

ಗೇಟು ದಾಟುತ್ತಲೇ ಮುದುಕರ ದಂಡೇ ಎದ್ದು ಓಡಿಬಂತು. "ಬಂತು! ಬಂತು!" ರೇಸಣ್ಣ ಗಂಟನ್ನು ಪಕ್ಕಕ್ಕೆ ತಳ್ಳಿ ನೆಟ್ಟಗೆ ಕೂತ. ಮರೆತಿಲ್ಲ, ಯಾರೂ ಮರೆತಿಲ್ಲ. ಹೆಲ್ಮೆಟ್ಟು ತೆಗೆದು, ಬೋಳುತಲೆ ಸವರಿಕೊಂಡು, ಕೈ ಎತ್ತಿದ.

ದಂಡು ಅವನನ್ನು ದಾಟಿಕೊಂಡು ವ್ಯಾನನ್ನು ಮುತ್ತಿತು.

"ಅದೇ ವ್ಯಾನು ಕಣ್ರೋ! ಬಾಗಿಲು ನೋಡಿ, ಅದೇ ಅಕ್ಷರ!" ಎಂದು ಒಬ್ಬ ಹಳೇ ಮೆಕ್ಯಾನಿಕ್ಕು ಅದರ ಮೈ ತಡವಿದ. "ಮಳೆ ಬಂದಾಗ ನಾವೆಲ್ಲ ಇದರೊಳಗೆ ತೂರ್ಕೊಂಡು ಬುತ್ತಿ ಬಿಚ್ಚುತ್ತಿದ್ವಿ. ಸೋಪಿನ ವಾಸನೆ ಈಗ್ಲೂ ಇದೆ!"

ಬಾವುಟ ಹಿಡಿದಿದ್ದ ಮುದುಕರೊಬ್ಬರು ರೇಸಣ್ಣನ ಹೆಂಡತಿಯ ಮುಂದೆ ನಿಂತು ಕೈಮುಗಿದರು. "ಎರಡು ಜಡೆ ಹುಡುಗಿ ಅಲ್ವೇನಮ್ಮಾ ನೀನು? ನಮ್ಮಂಥೋರು ಸೋತು ಕೂತಾಗ ಒದ್ದೆ ಟವೆಲ್ಲು ಕೊಡ್ತಿದ್ದೆಯಲ್ಲ!"

ಅವಳು ಮುಖ ಕೆಂಪಾಗಿ ನಕ್ಕಳು. ಆ ನಗು ನೋಡಿ ಬಹಳ ಕಾಲವಾಯಿತು ಅಂತ ರೇಸಣ್ಣನಿಗೆ ಹೊಳೆಯಿತು. ಬೇಜಾರೂ ಆಯಿತು, ಖುಷಿಯೂ ಆಯಿತು. ಯಾವುದು ಎಷ್ಟು ಅಂತ ಲೆಕ್ಕ ಸಿಗಲಿಲ್ಲ.

ಸರದಿ ಬಂದಾಗ ಕೆಂಪು ಕಾರು ಸ್ಟಾರ್ಟ್ ಆಗಲಿಲ್ಲ. ಗುದ್ದಿಸಿಕೊಂಡ ಸಿಟ್ಟೋ ಏನೋ, ಕೆಮ್ಮಿತು, ಸುಮ್ಮನಾಯಿತು.

"ವ್ಯಾನಿನಲ್ಲಿ ಸ್ವಲ್ಪ ದೂರ ಎಳೀಲಿ. ಓಡ್ತಾ ಓಡ್ತಾ ಹತ್ತಿಕೊಳ್ಳುತ್ತೆ. ಆಮೇಲೆ ನಿಲ್ಲಿಸಿ ಹಗ್ಗ ಬಿಚ್ಚಿದ್ರಾಯ್ತು" ಅಂದರು ಡ್ರೈವರು. ಅದು ಸರಿಯಾದ ಮಾತೇ. ಹೆಂಡತಿ ಸೀರೆಯ ಸೆರಗು ಸಿಕ್ಕಿಸಿಕೊಂಡು ವ್ಯಾನು ಹತ್ತಿದಳು. ಆ ಮುದುಕರು ಬಾವುಟ ಬೀಸಿದರು.

ವ್ಯಾನು ಹೊರಟಿತು. ಮೊದಲ ತಿರುವಿನಲ್ಲಿ ಕೆಂಪು ಕಾರು ಕೆಮ್ಮಿತು, ಎರಡನೆಯದರಲ್ಲಿ ಹೊಗೆ ಬಿಟ್ಟಿತು, ನೇರ ದಾರಿಗೆ ಬರುತ್ತಲೇ ಗುರ್ರೆಂದು ಹತ್ತಿಕೊಂಡಿತು! ರೇಸಣ್ಣ ನಿಲ್ಲಿಸು ನಿಲ್ಲಿಸು ಅಂತ ಎರಡೂ ಕೈ ಬೀಸಿದ. ಕನ್ನಡಿಯಲ್ಲಿ ನೋಡಿದ ಹೆಂಡತಿ, ಪಾಪ ಎಷ್ಟು ಖುಷಿಯಾಗಿದೆ ಅಂದುಕೊಂಡು ತಾನೂ ಕೈ ಬೀಸಿ ಇನ್ನಷ್ಟು ಜೋರು ಮಾಡಿದಳು. ವ್ಯಾನಿನ ಹಿಂಬಾಗಿಲು ತೆರೆದುಕೊಂಡಿತು. ದಿಂಬಿನ ಚೀಲಗಳು ಒಂದೊಂದಾಗಿ ಹಾರಿ ಬಂದು ರೇಸಣ್ಣನ ಮುಖಕ್ಕೆ ಅಪ್ಪಳಿಸಿದವು. ಕಣ್ಣು ಕಾಣದೆ, ಹಗ್ಗ ನಂಬಿಕೊಂಡು, ಅವನು ಆ ಟ್ರ್ಯಾಕಿನ ಕಟ್ಟಕಡೆಯ ಸುತ್ತು ಮುಗಿಸಿದ. ಬೇಲಿಯುದ್ದಕ್ಕೂ ಜನ "ಲಾಂಡ್ರಿ! ಲಾಂಡ್ರಿ!" ಎಂದು ಕುಣಿಯುತ್ತಿದ್ದರು.

ಕೆಂಪು ಕಾರು ಅಲ್ಲೇ ಉಸಿರು ಬಿಟ್ಟು, ಮತ್ತೆ ಹತ್ತಲಿಲ್ಲ. ಆ ದಿನಕ್ಕೆಂದು ತಂದಿದ್ದ ಬಹುಮಾನದ ಕಪ್ಪನ್ನು ಮುದುಕರೆಲ್ಲ ಸೇರಿ ರೇಸಣ್ಣನ ಹೆಂಡತಿಯ ಕೈಗೆ ಕೊಟ್ಟರು. ಫೋಟೋ ತೆಗೆಯುವವನು ರೇಸಣ್ಣನಿಗೆ, "ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ, ವ್ಯಾನು ಮರೆಯಾಗ್ತಿದೆ" ಅಂದ.

ವಾಪಸು ಹೊರಡುವಾಗ ಕೆಂಪು ಕಾರಿನ ಸ್ಟೇರಿಂಗು ಹಿಡಿಯಲು ಡ್ರೈವರು ಹಟ ಹಿಡಿದರು. ರೇಸಣ್ಣ ವ್ಯಾನಿನ ಮುಂದಿನ ಸೀಟು ಹತ್ತಿದ. ಅಷ್ಟು ವರ್ಷ ಆ ಗಾಡಿಯ ಹಿಂಬಾಗಿಲು ಮಾತ್ರ ನೋಡಿದವನು ಅವತ್ತು ಮೊದಲ ಸಲ ಅದರ ಮುಂದಿನ ಗಾಜಿನಿಂದ ರಸ್ತೆ ನೋಡಿದ. ಇಳಿಬಿಸಿಲು ಬಿದ್ದಿತ್ತು. ಮೆಲ್ಲಗೆ ಮಾತು ತೆಗೆದ.

"ನಿಮ್ಮಪ್ಪನ ಕೈ ಎಂಥಾ ಕೈ ಕಣೇ. ಹೋಗುವಾಗ ಒರಟೊರಟಾಗಿ ಎಳೀತಿದ್ರು. ವಾಪಸ್ ಬರುವಾಗ ಮಾತ್ರ ನನ್ನನ್ನ ತೊಟ್ಟಿಲಲ್ಲಿ ಹಾಕ್ಕೊಂಡು ಬಂದ ಹಾಗೆ, ಒಂದು ಸಲಾನೂ ಹಗ್ಗ ಜಗ್ಗುತ್ತಿರಲಿಲ್ಲ. ಸೋತವನಿಗೆ ನೋವಾಗಬಾರದು ಅಂತ ಅಷ್ಟು ಮೆತ್ತಗೆ ಓಡಿಸ್ತಾರಲ್ಲ, ಇಂಥವರ ಮಗಳನ್ನೇ ಮದುವೆ ಆಗ್ಬೇಕು ಅಂತ ಆವಾಗ್ಲೇ ತೀರ್ಮಾನ ಮಾಡಿದ್ದೆ."

ಹೆಂಡತಿ ಗೇರು ಬದಲಿಸಿದಳು. ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ.

"ವಾಪಸ್ ಬರುವಾಗ ಅಪ್ಪ ಗೊರಕೆ ಹೊಡೀತಿದ್ರು. ಓಡಿಸ್ತಿದ್ದಿದ್ದು ನಾನು."

ರೇಸಣ್ಣ ಉಳಿದ ಒಂದಿಷ್ಟು ಧೈರ್ಯ ಕೂಡಿಸಿಕೊಂಡು ಕೇಳಿದ.

"ಅಂದ್ರೆ... ಪ್ರತಿ ಭಾನುವಾರ ನೀನು ಬರ್ತಿದ್ದಿದ್ದು ನನ್ನ ರೇಸ್ ನೋಡೋಕೆ ಅಲ್ವಾ?"

"ನಿಮ್ಮ ಕಾರು ಕೆಡಲಿ ಅಂತ ಕಾಯ್ತಾ ಇರ್ತಿದ್ದೆ ರೀ" ಅಂದಳು ಅವಳು, ಕಣ್ಣು ರಸ್ತೆಯ ಮೇಲೇ ಇಟ್ಟು. "ಗೆದ್ದಿದ್ರೆ ನಿಮ್ಮನ್ನ ಗೆಳೆಯರು ಹೊತ್ಕೊಂಡು ಹೋಗೋರು. ಬರೀ ಕಾರು ಎಳ್ಕೊಂಡು ಹೋಗಿ ನನಗೇನು ಸಿಗ್ತಿತ್ತು?"

ಹಿಂದಿನಿಂದ ಡ್ರೈವರು ಜೋರಾಗಿ ಕೂಗಿದ್ದು ಕೇಳಿಸಿತು. "ರೈಟ್! ರೈಟ್!"