ತೂಗುಬಂಡೆಯ ಮೇಲೆ ಒಂದು ನಿದ್ದೆ

ಕೋದಂಡರಾಮಪ್ಪ ಆ ಮಾತನ್ನು ಹೆಂಡತಿಯ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ಬಚ್ಚಲಲ್ಲಿ ಮುಖ ತೊಳೆಯುತ್ತ, ಗೋಡೆಯಾಚೆಗೂ ಕೇಳುವಂತೆ ಹೇಳಿಬಿಟ್ಟ.

"ಶ್ಯಾಮಲಾ, ಇವತ್ತು ಟೆಂಟಲ್ಲಿ ಆಟ ಇಲ್ಲ ಕಣೇ. ಸೌಂಡ್ ಬಾಕ್ಸು ರಿಪೇರಿಗೆ ಕೋಲಾರಕ್ಕೆ ಹೋಗೈತೆ. ನಾನೊಬ್ನೇ ದೇವರಾಯಸಮುದ್ರದ ಬೆಟ್ಟಕ್ಕೆ ಹೋಗಿ ಬರ್ತೀನಿ."

ಅವನು ಮುಳಬಾಗಿಲಿನ ಟೂರಿಂಗ್ ಟಾಕೀಸಿನ ಆಪರೇಟರ್. ಎರಡನೇ ಆಟ ಮುಗಿಸಿ ಮನೆ ಸೇರುವ ಹೊತ್ತಿಗೆ ಊರಿನ ನಾಯಿಗಳೂ ಮಲಗಿರುತ್ತಿದ್ದವು. ಅವನ ಪಾಲಿನ ನಿದ್ದೆಯೇನಿದ್ದರೂ ಹಗಲಿನದು. ಆದರೆ ಮನೆಯ ಗೋಡೆಗೆ ಅಂಟಿಕೊಂಡೇ ಜಾನ್ ಪಾಷಾನ ತಗಡಿನ ಅಂಗಡಿಯಿತ್ತು. ಎಣ್ಣೆ ಡಬ್ಬ ಕತ್ತರಿಸಿ ಬಕೆಟ್ಟು, ಟ್ರಂಕು ಮಾಡುವ ಪಾಷಾನ ಸುತ್ತಿಗೆ ಸೂರ್ಯನ ಜೊತೆಗೇ ಏಳುತ್ತಿತ್ತು. ಆ ಟಣ್ ಟಣ್ ನಡುವೆ ಮಲಗೆದ್ದು ಮಲಗೆದ್ದು ಕೋದಂಡರಾಮಪ್ಪನ ಕಣ್ಣುಗಳು ಸಂತೆಯಲ್ಲಿ ಮಿಕ್ಕ ಟೊಮೇಟೊ ಹಣ್ಣಿನಂತಾಗಿದ್ದವು.

ಬೆಟ್ಟದ ತುದಿಯಲ್ಲಿ ಒಂದು ತೂಗುಬಂಡೆ ಇದೆಯೆಂದು ಯಾರೋ ಅವನಿಗೆ ಹೇಳಿದ್ದರು. ಬಂಡೆಯ ಮೇಲೊಂದು ಬಂಡೆ, ಆನೆಯಷ್ಟು ದೊಡ್ಡದು. ಗಾಳಿ ಬೀಸಿದರೆ ಮೆಲ್ಲಗೆ ತೂಗುತ್ತದಂತೆ. ಅಂದಿನಿಂದ ಪ್ರೊಜೆಕ್ಟರಿನ ಹಿಂದೆ ನಿಂತಾಗಲೆಲ್ಲ ಅವನ ಕಣ್ಣೆದುರು ತೆರೆಯ ಮೇಲಿನ ನಾಯಕಿ ಮಸುಕಾಗಿ ಆ ಬಂಡೆ ಮೂಡುತ್ತಿತ್ತು. ಸದ್ದಿಲ್ಲದ ಆಕಾಶದ ಕೆಳಗೆ, ಕಲ್ಲಿನ ತೊಟ್ಟಿಲಲ್ಲಿ, ಒಂದೇ ಒಂದು ತುಂಬು ನಿದ್ದೆ. ಜೀವನದಲ್ಲಿ ಅವನು ಬೇಡಿದ್ದು ಅಷ್ಟೇ.

ಬಸ್ಸು ಹತ್ತುವಾಗ ನೋಡಿದರೆ, ಹಿಂದಿನ ಮನೆಯ, ತೆಲುಗು ಬೆರೆಸಿ ಮಾತಾಡುವ ಆದಿಲಕ್ಷ್ಮಮ್ಮ ಚಿತ್ರಾನ್ನದ ಬುಟ್ಟಿಯೊಂದಿಗೆ ಸೀಟು ಹಿಡಿದು ಕೂತಿದ್ದಳು.

"ಏಮಯ್ಯಾ, ಬೆಟ್ಟಕ್ಕೆ ಒಬ್ನೇ ಹೋಗ್ತಾರಾ? ಕಾಲು ಜಾರಿದ್ರೆ ಅಯ್ಯೋ ಅನ್ನೋಕೆ ಒಂದು ಜೀವ ಬೇಡ್ವಾ?"

ಆಕೆಯ ಪಕ್ಕದಲ್ಲಿ ಶ್ಯಾಮಲಮ್ಮ ಹೊಸ ಸೀರೆಯುಟ್ಟು ನಗುತ್ತಿದ್ದಳು. ಅವಳ ಹಿಂದೆ ತಾನೇ ಮಾಡಿದ ತಗಡಿನ ಕೊಡ ಹಿಡಿದು ಜಾನ್ ಪಾಷಾ.

"ನೀರು ನಂದು ಆಪರೇಟ್ರೇ! ನಿಮ್ಗೋಸ್ಕರ ಅಂಗಡಿಗೆ ರಜಾ ಹಾಕ್ಬಿಟ್ಟೆ!"

ಆ ಸುತ್ತಿಗೆ ಒಂದು ಹಗಲು ಸುಮ್ಮನಿರುವ ದಿನವೇ ತಾನು ಮನೆ ಬಿಟ್ಟು ಬಂದೆನಲ್ಲ ಎಂದು ಕೋದಂಡರಾಮಪ್ಪನ ಹೊಟ್ಟೆ ಉರಿಯಿತು.

ಬೆಟ್ಟ ಹತ್ತಲು ಶುರುಮಾಡಿದ್ದೇ ಆದಿಲಕ್ಷ್ಮಮ್ಮನ ಚಪ್ಪಲಿ ಕಿತ್ತುಹೋಯಿತು. ಬುಟ್ಟಿ ಕೋದಂಡರಾಮಪ್ಪನ ತಲೆಗೇರಿತು. ಪಾಷಾನಿಗೆ ಏದುಸಿರು ಬಂದಾಗ ಕೊಡವೂ ಕೋದಂಡರಾಮಪ್ಪನ ಹೆಗಲಿಗೇರಿತು. ಬುಟ್ಟಿಯ ವಾಸನೆ ಹಿಡಿದು ಬಂದ ಕೋತಿಯೊಂದು ಅವನ ಟವೆಲ್ ಕಿತ್ತುಕೊಂಡು ಬಂಡೆಯ ಮೇಲೆ ಕೂತು, ಮದುವೆ ಮನೆಯ ಯಜಮಾನನಂತೆ ಹೆಗಲಿಗೆ ಹಾಕಿಕೊಂಡಿತು. ಅದರ ಹತ್ತಿರ ಟವೆಲ್ ಹೇಗೆ ಕೇಳಬೇಕೆಂಬ ವಿಷಯದಲ್ಲಿ ಆದಿಲಕ್ಷ್ಮಮ್ಮನಿಗೂ ಪಾಷಾನಿಗೂ ವಾದ ಹತ್ತಿತು.

"ಇಲ್ಲೇ ಇರಿ, ಹಿಂಗೆ ಹೋಗಿ ಹಂಗೆ ಬರ್ತೀನಿ," ಎಂದು ಬುಟ್ಟಿ, ಕೊಡ ಇಳಿಸಿ, ಕಿರುಬೆರಳು ತೋರಿಸಿ ಕೋದಂಡರಾಮಪ್ಪ ಒಂದು ಗುಂಡುಕಲ್ಲಿನ ಹಿಂದೆ ಸರಿದ. ಸರಿದವನು ಮೇಲೇರಿದ.

ಏರಿದಂತೆ ಲೋಕ ಹಗುರಾಗುತ್ತ ಬಂತು. ಸೀತಾಫಲದ ಪೊದೆಗಳು ಹಿಂದುಳಿದವು. ಬಿಸಿಲಿಗೆ ಕಾದ ಬಂಡೆಗಳು ಮಲಗಿದ ಎಮ್ಮೆಗಳಂತೆ ಒಂದಕ್ಕೊಂದು ಒರಗಿಕೊಂಡಿದ್ದವು. ದೂರದಲ್ಲಿ ಕೆರೆ, ಯಾರೋ ನೆಲದ ಮೇಲೆ ಮರೆತುಹೋದ ಕನ್ನಡಿ. ತುದಿಯಲ್ಲಿ, ಅವನು ಕಂಡ ಕನಸಿಗಿಂತ ಚೆಂದವಾಗಿ, ತೂಗುಬಂಡೆ ನಿಂತಿತ್ತು. ಅವನು ಹತ್ತಿ ಅಂಗಾತ ಮಲಗಿದ. ಗಾಳಿ ಬೀಸಿತು. ಬಂಡೆ ತೂಗಿತೋ, ಮೋಡ ತೂಗಿತೋ ಗೊತ್ತಾಗಲಿಲ್ಲ.

ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ.

ಮಗ್ಗುಲು ಬದಲಿಸಿದ. ಬರಲಿಲ್ಲ. ಆ ಮೌನ ಅವನ ಕಿವಿಯೊಳಗೆ ಬೆರಳಿಟ್ಟು ಎಬ್ಬಿಸುತ್ತಿತ್ತು. ತನ್ನ ಎದೆಬಡಿತ, ಇರುವೆಯ ನಡಿಗೆ, ಒಣಹುಲ್ಲಿನ ನಿಟ್ಟುಸಿರು ಎಲ್ಲವೂ ಕೇಳಿಸಿತು. ಇಷ್ಟು ಎಚ್ಚರವಾಗಿ ಅವನು ಹುಟ್ಟಿದಂದಿನಿಂದ ಇರಲಿಲ್ಲ. ಅಳುವಷ್ಟು ಬೇಸರವಾಯಿತು.

ಆಗ ಎಲ್ಲೋ ಕೆಳಗಿನಿಂದ ಟಣ್... ಟಣ್... ಟಣ್...

ಕೋದಂಡರಾಮಪ್ಪನ ಬೈಗುಳ ತುಟಿಗೆ ಬರುವ ಮೊದಲೇ ರೆಪ್ಪೆ ಭಾರವಾಯಿತು. ಟಣ್ ಎಂದಾಗ ಬಂಡೆ ಇತ್ತ ತೂಗಿತು, ಟಣ್ ಎಂದಾಗ ಅತ್ತ. ಬಂಡೆ ಕೆರೆಯ ಮೇಲೆ ತೇಲಿತು; ಕೆರೆ ತೆರೆಯಾಯಿತು; ತೆರೆಯ ಮೇಲೆ ಬೆಳ್ಳಗಿನ ಮೋಡಗಳ ಸಿನಿಮಾ, ಟಿಕೀಟಿಲ್ಲ, ಇಂಟರ್‌ವಲ್ ಇಲ್ಲ.

ಭುಜ ಹಿಡಿದು ಯಾರೋ ಅಲುಗಾಡಿಸಿದಾಗ ಬಿಸಿಲು ಇಳಿದಿತ್ತು. ಶ್ಯಾಮಲಮ್ಮ ಅಳುತ್ತಿದ್ದಳು. ಪಾಷಾನ ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ನಜ್ಜುಗುಜ್ಜಾದ ಕೊಡ.

"ಎಷ್ಟು ಕೂಗಿದ್ವೋ, ಎಷ್ಟು ಬಡಿದ್ವೋ! ಒಂದು ಮಾತಾದ್ರೂ ಓ ಅನ್ಬಾರ್ದಾ?" ಆದಿಲಕ್ಷ್ಮಮ್ಮ ಬರಿಗಾಲಲ್ಲಿ ಕುಣಿದಳು. "ಸತ್ತೇ ಹೋದೆ ಅಂದ್ಕೊಂಡ್ವಿ ಕದಯ್ಯಾ!"

"ಅದೂ... ನಿದ್ದೆ ಬಂದ್ಬಿಟ್ಟಿತ್ತು," ಎಂದ ಕೋದಂಡರಾಮಪ್ಪ, ನಾಚಿಕೆಯಿಂದ. "ಪಾಷಾ ಸಾಬ್ರೇ, ನಿಮ್ ಸದ್ದು..."

"ಗೊತ್ತಾಯ್ತು ಆಪರೇಟ್ರೇ, ಏನೂ ಹೇಳ್ಬೇಡಿ!" ಪಾಷಾ ಕೈಯ ಕಲ್ಲನ್ನು ಕೆಳಗೆಸೆದ. "ನೀವು ಕಾಣ್ದಾಗ ಶ್ಯಾಮಲಕ್ಕ ಎಲ್ಲಾ ಹೇಳಿದ್ರು. ನನ್ ಸುತ್ತಿಗೆ ತಾಳಲಾರ್ದೆ ನೀವು ಮನೆ ಬಿಟ್ಟು ಬಂಡೆ ಹತ್ತಿದ್ರಂತೆ. ಅಲ್ಲಾನ ಮುಂದೆ ಹರಕೆ ಕಟ್ಟಿದೀನಿ. ನೀವು ಜೀವಂತ ಸಿಕ್ಕಿದ್ರೆ ಆ ಬೀದೀಲಿ ಇನ್ನು ಸುತ್ತಿಗೆ ಎತ್ತಲ್ಲ ಅಂತ. ತಾಯಲೂರಲ್ಲಿ ನನ್ ಭಾವನ ಅಂಗಡಿ ಐತೆ. ಅಲ್ಲಿಗೇ ಹೋಗ್ತೀನಿ."

"ಅಯ್ಯೋ, ಅದಲ್ಲ ಸಾಬ್ರೇ..."

"ದೇವುಡಂಥಾ ಮನುಷ್ಯ!" ಎಂದು ಆದಿಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶ್ಯಾಮಲಮ್ಮ ಕೈ ಮುಗಿದಳು. ಅಂಥ ಸಮಯದಲ್ಲಿ ನಿಜ ಹೇಳಲು ಕೋದಂಡರಾಮಪ್ಪನಿಗೆ ಬಾಯಿ ಬರಲಿಲ್ಲ.

ಪಾಷಾ ಹರಕೆ ತಪ್ಪಲಿಲ್ಲ. ಅಂಗಡಿ ಖಾಲಿಯಾಯಿತು, ಬೀದಿ ಸದ್ದಡಗಿ ಹಾಲಿನ ಕೆನೆಯಂತೆ ನಿಂತುಬಿಟ್ಟಿತು. ಶ್ಯಾಮಲಮ್ಮ ತುದಿಗಾಲಲ್ಲಿ ಓಡಾಡಿದಳು. ಕೋದಂಡರಾಮಪ್ಪ ಹಗಲೆಲ್ಲ ಹಾಸಿಗೆಯಲ್ಲಿ ಹಲ್ಲಿಯನ್ನು ನೋಡುತ್ತ ಮಲಗಿದ. ಇರುಳು ಟೆಂಟಿನಲ್ಲಿ ತೂಕಡಿಸಿ ರೀಲು ತಲೆಕೆಳಗಾಗಿ ಹಾಕಿ, ಪ್ರೇಕ್ಷಕರಿಂದ ಬೈಸಿಕೊಂಡ.

ಕಡೆಗೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ತಾಯಲೂರಿನ ಬಸ್ಸು ಹತ್ತಿದ. ಬಸ್ಸಿಳಿಯುತ್ತಲೇ ಕೇಳಿಸಿತು, ಟಣ್ ಟಣ್ ಟಣ್. ಒಂದಲ್ಲ, ನಾಲ್ಕಾರು ಸುತ್ತಿಗೆ! ಅಂಗಡಿ ಮುಂದಿನ ಬೆಂಚು ಮುಟ್ಟುವಷ್ಟರಲ್ಲಿ ಅವನ ಕಣ್ಣೆಳೆಯುತ್ತಿತ್ತು. ಸುಖವಾಗಿ ಗೋಡೆಗೊರಗಿದ.

ಪಾಷಾ ಅವನನ್ನು ಕಂಡದ್ದೇ ಎದ್ದು ನಿಂತು, ಒಳಗಿನವರಿಗೆಲ್ಲ ಕೇಳುವಂತೆ ಕೂಗಿದ:

"ಲೇ, ನಮ್ ಆಪರೇಟ್ರು ಬಂದವ್ರೆ! ಅವ್ರು ಹೋಗೋವರ್ಗೂ ಯಾರೂ ಸುತ್ತಿಗೆ ಮುಟ್ಕೂಡ್ದು!"