ತಪ್ಪು ಉತ್ತರಗಳ ಪರವಾಗಿ ನಮ್ಮ ಅತ್ತೆ

ನಮ್ಮ ಅತ್ತೆಗೆ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ ಗೊತ್ತು. ಎ, ಬಿ, ಸಿ, ಡಿ. ಉಳಿದವೆಲ್ಲ ದಂಡಕ್ಕೆ, ಎಂಬಿಎ ಪ್ರವೇಶ ಪರೀಕ್ಷೆಗೆ ಈ ನಾಲ್ಕು ಧಾರಾಳ ಸಾಕು ಎಂಬುದು ಅವರ ಖಚಿತ ಅಭಿಪ್ರಾಯ. ನಗಬೇಡಿ! ನಾನೂ ಮೊದಲು ನಕ್ಕಿದ್ದೆ. ಆಮೇಲೆ ಅದೇ ಪರೀಕ್ಷೆಗೆ ಅವರ ಕೈಯಲ್ಲಿ ಪಾಠ ಹೇಳಿಸಿಕೊಂಡೆ.

ಅತ್ತೆ ಅಂದರೆ ನನ್ನ ಗಂಡನ ತಾಯಿ. ಹೊನ್ನಾವರದ ಮಹಿಳಾ ತಾಳಮದ್ದಳೆ ಕೂಟದಲ್ಲಿ ಅರ್ಥ ಹೇಳುತ್ತಾರೆ. ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ. ಭಾಗವತರು ಒಂದು ಪದ್ಯ ಹಾಡಿದರೆ ಸಾಕು, ಪಾತ್ರಧಾರಿಗಳು ಕೂತಲ್ಲೇ ಅದರ ಅರ್ಥ ಹಿಡಿದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅತ್ತೆ ಹಿಡಿಯುವುದು ಯಾವತ್ತೂ ಎದುರು ಪಕ್ಷ. ದೇವರ ಪಾತ್ರ ಕೊಟ್ಟರೆ ಬೇಡವೇ ಬೇಡ ಅನ್ನುತ್ತಾರೆ. "ದೇವ್ರಿಗೆ ವಾದ ಮಾಡೂಕೆ ಎಂತ ಅದೆ? ಕತೆ ಕಟ್ಟಿದವ್ನೇ ಅವ್ನ ಕಡೆ! ಮಾತು ಬೇಕಾದ್ದು ಸೋಲುವವ್ನಿಗೆ."

ಇದು ವೇದಿಕೆಯ ಮೇಲೆ ಮಾತ್ರ ಇದ್ದರೆ ಚಿಂತೆಯಿರಲಿಲ್ಲ. ಮನೆಯಲ್ಲೂ ಇದೇ ಕತೆ. ಸೆಕೆ ಅಂದರೆ ಚಳಿಯ ಪರ, ಸಾರಿಗೆ ಉಪ್ಪು ಹೆಚ್ಚಾಯಿತು ಅಂದರೆ ಉಪ್ಪಿನ ಪರ. ನನ್ನ ಗಂಡ ಹೊಳೆಯಾಚೆಯ ಕಾಸರಕೋಡಿನ ಐಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಇಡೀ ದಿನ ಮಂಜುಗಡ್ಡೆಯ ನಡುವೆ ಇರುವ ಅವರ ತಲೆ ಯಾಕೆ ಅಷ್ಟು ತಣ್ಣಗಿದೆ ಅಂತ ಕೇಳುವವರುಂಟು. ಅದಕ್ಕೆ ಐಸ್ ಕಾರಣವಲ್ಲ, ಅಮ್ಮ ಕಾರಣ. ಹುಟ್ಟಿದಾಗಿನಿಂದ ವಾದ ಕೇಳಿ ಕೇಳಿ ಅವರು ಮೌನವ್ರತಕ್ಕೆ ಬಂದು ನಿಂತಿದ್ದಾರೆ.

ನನಗೋ, ಎಂಬಿಎ ಮಾಡಬೇಕೆಂಬ ಹುಚ್ಚು. ಕುಮಟೆಯಲ್ಲಿ ಬಿಕಾಂ ಮುಗಿಸಿದ ದಿನದಿಂದ ಹಿಡಿದದ್ದು, ಮದುವೆಯಾಗಿ ಮಗಳು ಹುಟ್ಟಿದರೂ ಬಿಡಲಿಲ್ಲ. ಮೊದಲ ಸಲ ಪ್ರವೇಶ ಪರೀಕ್ಷೆ ಬರೆದಾಗ ಗೈಡನ್ನು ಉರು ಹೊಡೆದು ಹೋಗಿದ್ದೆ. ಬಂದ ರ‍್ಯಾಂಕ್ ಹೇಗಿತ್ತೆಂದರೆ, ನನ್ನ ಗಂಡ ಮೊಬೈಲ್ ನೋಡಿ, "ಇದು ಯಾವ ಊರಿನ ಪಿನ್‌ಕೋಡ್?" ಎಂದು ಕೇಳಿದರು! ವರ್ಷಕ್ಕೊಂದು ಮಾತಾಡುವವರು ಆ ವರ್ಷದ ಮಾತನ್ನು ಅಲ್ಲಿ ಖರ್ಚು ಮಾಡಿದರು.

ಸುದ್ದಿ ಭಟ್ಕಳಕ್ಕೂ ಮುಟ್ಟಿತು. ಅಲ್ಲಿ ಅತ್ತೆಯ ಅಣ್ಣ, ಅಂದರೆ ನಮ್ಮ ದೊಡ್ಡ ಮಾವ, ಬಟ್ಟೆ ಅಂಗಡಿ ಇಟ್ಟಿದ್ದಾರೆ. ನಮ್ಮ ಮನೆಯ ಯಾವ ತೀರ್ಮಾನವೂ ಅವರ ಗದ್ದಿಗೆಯನ್ನು ದಾಟದೆ ಬರುವುದಿಲ್ಲ. "ಮದುವೆ ಆಗಿ ಮಗು ಆದ ಹುಡುಗಿಗೆ ಎಂತಕ್ಕೆ ಎಂಬಿಎ? ಆತು, ಇನ್ನೊಂದು ಸಲ ಬರೀಲಿ. ಅದೇ ಕೊನೆ" ಎಂದು ಫೋನಿನಲ್ಲೇ ತೀರ್ಪು ಕೊಟ್ಟರು. ಕೊನೆ ಅಂದರೆ ಕೊನೆ. ಈ ಸಲ ತಪ್ಪಿದರೆ ಆ ಆಸೆಯನ್ನು ಮಡಚಿ ಪೆಟ್ಟಿಗೆಗೆ ಹಾಕಬೇಕು. ನಾನು ಅಡುಗೆಮನೆಯಲ್ಲಿ ಮೂಗು ಒರೆಸುತ್ತ ನಿಂತಿದ್ದಾಗ ಅತ್ತೆ ಬಂದು ಕೇಳಿದರು:

"ಆ ಪ್ರಶ್ನೆಪತ್ರಿಕೆ ಎಲ್ಲದೆ? ತಕಂಡು ಬಾ. ನಿನ್ನ ಎದುರಾಳಿ ಯಾರು ಅಂತ ನೋಡ್ವ."

ನಾನು ಪ್ರಶ್ನೆ ಓದಿ ಕನ್ನಡದಲ್ಲಿ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಒಂದು ವಾರದಲ್ಲಿ ಅವರು ಪ್ರಶ್ನೆ ಮಾಡುವವನ ಜಾತಕವನ್ನೇ ಬರೆದುಬಿಟ್ಟರು. ಸೇತುವೆ ದಾಟುವ ರೈಲಿನ ಲೆಕ್ಕ ಮತ್ತೆ ಮತ್ತೆ ಬರುತ್ತಿತ್ತು. "ಇವ್ನ ಹೆಂಡತಿ ತವರು ದೂರ ಅದೆ" ಎಂದರು. ತೊಟ್ಟಿಗೆ ಒಂದು ನಲ್ಲಿಯಿಂದ ನೀರು ಬಂದು ಇನ್ನೊಂದರಿಂದ ಹೋಗುವ ಲೆಕ್ಕ ಬಂತು. "ಮನೇಲಿ ನಲ್ಲಿ ಸೋರ್ತದೆ. ರಿಪೇರಿ ಮಾಡ್ಸೂದು ಬಿಟ್ಟು ನಮ್ಮ ಹತ್ರ ಕೇಳ್ತಾನೆ!"

ತರ್ಕದ ಭಾಗದಲ್ಲಿ ಸಂಬಂಧಗಳ ಪ್ರಶ್ನೆ ಇರುತ್ತದಲ್ಲ? ಒಬ್ಬ ಹೆಂಗಸನ್ನು ತೋರಿಸಿ ಒಬ್ಬ ಹುಡುಗ ಹೇಳುತ್ತಾನೆ: ಇವಳ ತಾಯಿಯ ಒಬ್ಬನೇ ಮಗ ನನ್ನ ತಂದೆ. ಹಾಗಾದರೆ ಅವಳು ಅವನಿಗೆ ಏನಾಗಬೇಕು? ನಾನು ಕಾಗದದ ಮೇಲೆ ಬಾಣ ಎಳೆಯುವಷ್ಟರಲ್ಲಿ ಅತ್ತೆ, "ಸೋದರತ್ತೆ" ಅಂದರು. ಸರಿಯಾಗಿತ್ತು! ಆದರೆ ಅವರಿಗೆ ಸಮಾಧಾನವಾಗಲಿಲ್ಲ. "ಅಲ್ಲಾ, ಎದುರಿಗೆ ನಿಂತದ್ದು ಸ್ವಂತ ಅತ್ತೆ. ಸೀದಾ ಅತ್ತೆ ಅಂತ ಕರೆದ್ರೆ ಆ ಗಂಡಿನ ಗಂಟೆಂತ ಹೋಗ್ತದೆ? ಅತ್ತೆ ಅಂದ್ರೆ ಎಲ್ಲರಿಗೂ ಸಸಾರ!" ಆ ಹುಡುಗನ ಮೇಲಿನ ಸಿಟ್ಟು ಮಧ್ಯಾಹ್ನದ ಊಟದವರೆಗೂ ಇಳಿಯಲಿಲ್ಲ.

ನಿಜವಾದ ಯುದ್ಧ ಶುರುವಾದದ್ದು ಬಸ್ಸಿನ ಲೆಕ್ಕದಲ್ಲಿ. ಒಂದು ಬಸ್ಸು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ ಅರವತ್ತರ ವೇಗದಲ್ಲಿ ತಿರುಗಿ ಬಂದರೆ ಸರಾಸರಿ ವೇಗ ಎಷ್ಟು? ಅತ್ತೆಗೆ ಅರ್ಥವಾಗಲೆಂದು ಬಸ್ಸನ್ನು ಭಟ್ಕಳದಿಂದ ಕುಮಟೆಗೆ ಓಡಿಸಿದೆ. ಅದೇ ತಪ್ಪಾಯಿತು.

"ಆ ಹೈವೇಯಲ್ಲಿ ಅರವತ್ತರಲ್ಲಿ ಬರೂ ಬಸ್ಸು ಯಾವ್ದೆ? ರಸ್ತೆ ಅಗಲ ಮಾಡ್ತೆ ಅಂತ ಅಗೆದು ಹಾಕಿದ್ದು ಅವ್ನಿಗೆ ಗೊತ್ತಿಲ್ಲವಾ?"

"ಅತ್ತೆ, ಸುಮ್ನೆ ಅಂದ್ಕೊಳ್ಳಿ. ಉತ್ತರ ನಲವತ್ತೆಂಟು."

"ಉಳಿದ ಮೂರು ಎಂತ?"

"ಐವತ್ತು, ಐವತ್ತೆರಡು, ನೂರು. ಅವು ತಪ್ಪು, ಬಿಡಿ."

ಬಿಡುವುದೆ? ಅತ್ತೆ ಸೆರಗು ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು. ಐವತ್ತರ ಪರವಾಗಿ ಪೀಠಿಕೆ ಶುರುವಾಯಿತು. "ನಲವತ್ತು ಒಂದು ಕಡೆ, ಅರವತ್ತು ಒಂದು ಕಡೆ. ಐವತ್ತು ನಡುವೆ ಕೂತ ಮರ್ಯಾದಸ್ತ. ಅವ್ನ ತಪ್ಪೆಂತ, ಹೇಳು!" ನಾನು ಹೇಳಿದ್ದಕ್ಕೆಲ್ಲ ಅವರದೊಂದು ಎದುರು ಮಾತು. ಒಲೆಯ ಮೇಲೆ ಅನ್ನ ಸೀದುಹೋಯಿತು. ಕೊನೆಗೆ ನನಗೆ ರೇಗಿಹೋಗಿ, "ನಿಧಾನ ಹೋಗುವಾಗ ಬಸ್ಸು ಹೆಚ್ಚು ಹೊತ್ತು ರಸ್ತೆ ಮೇಲೆ ಇರ್ತದೆ ಅತ್ತೆ! ಹಾಗಾಗಿ ಸರಾಸರಿ ನಲವತ್ತರ ಕಡೆಗೇ ಎಳೀತದೆ!" ಎಂದು ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು: ಅಲ್ಲಿಯತನಕ ನಾನು ಬರೀ ಸೂತ್ರ ಹಾಕುತ್ತಿದ್ದೆ. ಲೆಕ್ಕ ಅರ್ಥವಾದದ್ದು ಆ ಜಗಳದಲ್ಲಿ.

ಅತ್ತೆ ನಕ್ಕರು. "ಹಾಂ, ಈಗ ಸಮ. ಸರಿ ಉತ್ತರ ಪಾಪದ್ದು ಮಗಾ, ಅದ್ರ ಪಾಡಿಗೆ ಅದು ಕೂತಿರ್ತದೆ. ಅಡ್ಡ ಕೂತ ಮೂವರನ್ನ ನೋಡು. ಅವ್ರನ್ನ ಅವ ಸುಮ್ನೆ ಕೂರ್ಸಲಿಲ್ಲ. ನೂರು ಯಾರಿಗೆ? ಪ್ರಶ್ನೆ ಅರ್ಧ ಓದಿ ಕೂಡಿಸಿ ಹಾಕೂನಿಗೆ. ಐವತ್ತು ಅವಸರದವ್ನಿಗೆ. ಐವತ್ತೆರಡು ಅಂಜುಬುರುಕನಿಗೆ. ಐವತ್ತು ಇಷ್ಟು ಸುಲಭಕ್ಕೆ ಸಿಕ್ತಲ್ಲ ಅಂತ ಹೆದರಿ ಪಕ್ಕಕ್ಕೆ ಸರೀತಾನೆ ನೋಡು, ಅವ್ನಿಗೆ."

ಆಮೇಲೆ ಹಿಂದಿನ ವರ್ಷದ ನನ್ನ ಉತ್ತರಗಳನ್ನು ಇಬ್ಬರೂ ಕೂತು ನೋಡಿದೆವು. ಎಷ್ಟೋ ಕಡೆ ನಾನು ಸರಿಯಾದದ್ದನ್ನೇ ಮೊದಲು ಅಂದುಕೊಂಡು, ಆಮೇಲೆ ಹೆದರಿ ಬೇರೆಯದಕ್ಕೆ ಹೋಗಿದ್ದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆ ಬುದ್ಧಿ ಕಮ್ಮಿ ಇಲ್ಲ. ಧೈರ್ಯ ಇಲ್ಲ. ಪ್ರಶ್ನೆ ಮಾಡಿದವ್ನಿಗೆ ಅದು ಗೊತ್ತು, ನಿಂಗೆ ಮಾತ್ರ ಗೊತ್ತಿಲ್ಲ" ಎಂದರು. ನನಗೆ ಚುರುಕ್ಕೆಂದಿತು. ನಿಜ ಯಾವತ್ತೂ ಹಾಗೇ ಅಲ್ಲವೆ?

ಅಲ್ಲಿಂದ ಮನೆಯೇ ಪರೀಕ್ಷಾ ಕೇಂದ್ರವಾಯಿತು. ಪ್ರತಿ ಪ್ರಶ್ನೆಗೂ ಮೂರು ತಪ್ಪು ಉತ್ತರಗಳ ಪರವಾಗಿ ಅತ್ತೆ ವಾದಿಸುವುದು, ಒಂದು ಸರಿ ಉತ್ತರಕ್ಕೆ ನಾನು. ಎರಡು ವರ್ಷದ ನನ್ನ ಮಗಳು ನಡುವೆ ಕೂತು ಚಪ್ಪಾಳೆ ತಟ್ಟುವುದು. ಗಂಡ ಬಂದು, "ಊಟಕ್ಕೆ ಎಂತ?" ಅಂದರೆ ಅತ್ತೆಯ ಉತ್ತರ: "ಎ, ನಿನ್ನೆಯ ಸಾರು. ಬಿ, ಮೊಸರು. ಸಿ, ಎರಡೂ. ಡಿ, ಅಮ್ಮನಿಗೆ ಪುರುಸೊತ್ತಿಲ್ಲ." ಅವರು ಪಾಪ, ಯಾವಾಗಲೂ ಡಿ ಎಂದು ತಿಳಿದು ತಾವೇ ಬಡಿಸಿಕೊಳ್ಳುತ್ತಿದ್ದರು.

ಕಾಸರಕೋಡಿನಿಂದ ಬುಟ್ಟಿ ಹೊತ್ತು ಬರುವ ಮೀನಿನವಳಿಗೂ ಬಿಡುಗಡೆಯಿರಲಿಲ್ಲ. "ಈ ಬಂಗಡೆ ಯಾವತ್ತಿಂದೆ? ಎ, ನಿನ್ನೆದು. ಬಿ, ಮೊನ್ನೆದು. ಸಿ, ಆಚೆ ಮೊನ್ನೆದು. ಡಿ, ನಿಂಗೇ ಗೊತ್ತಿಲ್ಲ." ಅವಳು ಬುಟ್ಟಿಯನ್ನು ಮತ್ತೆ ತಲೆಗೇರಿಸಿ, "ಅಮ್ಮಾ, ಉತ್ತರ ಇನ್ನೊಂದುಂಟು. ಬೇಕಾರೆ ತಕಣಿ, ಇಲ್ಲಾರೆ ಬಿಡಿ" ಅಂದಳು. ಅತ್ತೆ ಮೆಚ್ಚಿ ಡಜನ್ ಬಂಗಡೆ ತೆಗೆದುಕೊಂಡರು. "ನೋಡು, ಇವ್ಳು ಪರೀಕ್ಷೆ ಬರೆದ್ರೆ ಪಾಸು!"

ಗ್ರಹಚಾರ ಅಂದರೆ, ಅದೇ ಸಮಯಕ್ಕೆ ಕುಮಟೆಯಲ್ಲೊಂದು ತಾಳಮದ್ದಳೆ ಇತ್ತು. ಕತೆಯ ಪ್ರಕಾರ ಅತ್ತೆ ಹಿಡಿದ ರಾಜ ಸೋಲಬೇಕು. ಎದುರು ಪಕ್ಷದವರು ಕುಮಟೆಯ ಒಬ್ಬ ಟೀಚರು. ಅವರು ಒಳ್ಳೆ ಗತ್ತಿನಲ್ಲಿ, "ನೀನು ಶರಣಾಗಲು ನಾಲ್ಕು ಕಾರಣಗಳಿವೆ" ಅಂದುಬಿಟ್ಟರು. ನಾಲ್ಕು! ನಾನು ಸಭೆಯಲ್ಲಿ ಕೂತವಳು ಕಣ್ಣು ಮುಚ್ಚಿಕೊಂಡೆ. "ನಾಲ್ಕೆ? ಹಾಗಾದರೆ ಮೂರು ಸುಳ್ಳು! ಕೇಳು, ಮೊದಲನೆಯದು ಅವಸರದವರಿಗೆ..." ಎಂದು ಅತ್ತೆ ಹೊರಟರು. ಟೀಚರಮ್ಮ ತಮ್ಮದರಲ್ಲಿ ನಿಜವಾದದ್ದು ಯಾವುದೆಂದು ಮರೆತು ನೀರು ಕುಡಿದರು. ಭಾಗವತರು ಸಂದರ್ಭವಿಲ್ಲದ ಸಂದರ್ಭದಲ್ಲಿ ತಾಳ ಕುಟ್ಟಿ ಮುಂದಿನ ಪದ್ಯ ಎತ್ತಿ ಕತೆಯ ಮಾನ ಉಳಿಸಿದರು. ಬರುವಾಗ ಬಸ್ಸಿನಲ್ಲಿ, "ಸೋಲೂದಾದ್ರೆ ಸೋಲ್ತೆ, ಸೋಲ್ಸೂಕೆ ಬರಬೇಕಲ್ಲ!" ಎಂದು ಅತ್ತೆ ಹೊನ್ನಾವರದ ತನಕ ಬೀಗಿದರು.

ಪರೀಕ್ಷೆಯ ದಿನ ಬಂತು. ಕೇಂದ್ರ ಕುಮಟೆಯ ಒಂದು ಕಾಲೇಜು. ಮಗಳನ್ನೆತ್ತಿಕೊಂಡು ಅತ್ತೆ ಗೇಟಿನ ಹೊರಗೆ ಮರದ ಬುಡದಲ್ಲಿ ಕೂತರು. ಒಳಗೆ ಪತ್ರಿಕೆ ತೆರೆದರೆ ಎಂಥಾ ಆಶ್ಚರ್ಯ! ಉತ್ತರಗಳು ಅಕ್ಷರಗಳಾಗಿ ಕಾಣಲೇ ಇಲ್ಲ. ಇವನು ಅವಸರದವನಿಗೆ, ಇವಳು ಅರ್ಧ ಓದಿದವಳಿಗೆ ಅಂತ ಒಬ್ಬೊಬ್ಬರ ಮುಖ ಕಂಡಿತು. ಹೆದರಿ ಸರಿ ಉತ್ತರ ಬಿಡಲು ಹೊರಟಾಗಲೆಲ್ಲ, "ಅಂಜುಬುರುಕಿ!" ಎಂದು ಕಿವಿಯಲ್ಲಿ ಕೇಳಿಸಿತು. ಹೊರಗೆ ಬಂದಾಗ ಅತ್ತೆ, ಹೇಗಾಯಿತು ಎಂದು ಕೇಳಲಿಲ್ಲ. "ಯಾರ್ಯಾರು ಅಡ್ಡ ಕೂತಿದ್ರು?" ಎಂದು ಕೇಳಿದರು.

ಫಲಿತಾಂಶ ಚೆನ್ನಾಗಿಯೇ ಬಂತು. ಮಂಗಳೂರಿನ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆದರೆ ಅಲ್ಲಿಗೆ ದಿನಾ ಹೋಗಿಬರುವುದು ಆಗದ ಮಾತು. ಹಾಸ್ಟೆಲಿನಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಬರಬೇಕು. ಇದನ್ನು ಕೇಳಿದ ದೊಡ್ಡ ಮಾವ ಭಾನುವಾರ ಅಂಗಡಿ ಮುಚ್ಚಿ ಭಟ್ಕಳದಿಂದ ಬಂದರು. ಅಂಗಡಿ ಮುಚ್ಚಿದರೆಂದರೆ ವಿಷಯ ಸಣ್ಣದಲ್ಲ.

ಊಟದ ನಂತರ ಮಗಳನ್ನು ಮಲಗಿಸಿ ಎಲ್ಲರೂ ಜಗಲಿಯಲ್ಲಿ ಕೂತೆವು. ಮಾವ ಒಂದೊಂದೇ ಮಾತು ಇಟ್ಟರು. "ಪರೀಕ್ಷೆ ಬರೀಲಿ ಅಂದೆ, ಬರೆದಾಯ್ತು. ಸಂತೋಷ. ಆದ್ರೆ ಹಾಲು ಕುಡಿಯೂ ಮಗು ಬಿಟ್ಟು ಹೋಗೂದಾ? ಗಂಡನ್ನ ಬಿಟ್ಟು ಹಾಸ್ಟೆಲಲ್ಲಿ ಇರೂದಾ? ನಾಳೆ ನಾಲ್ಕು ಜನ ಎಂತ ಹೇಳ್ತ್ರು?" ನನ್ನ ಗಂಡ, "ನಂಗೇನೂ ಅಡ್ಡಿಲ್ಲ" ಅಂದರು. ಮಾವ, "ನೀ ಸುಮ್ನಿರು" ಅಂದರು. ಅವರು ಸುಮ್ಮನಾದರು.

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಈಗ ಶುರುವಾಗುತ್ತದೆ, ಮಾವನಿಗೆ ಸಂಜೆಯ ಬಸ್ಸು ತಪ್ಪಿತು ಎಂದೇ ನಾನು ಅಂದುಕೊಂಡೆ. ಅತ್ತೆ ಬಾಯಿ ತೆರೆಯಲಿಲ್ಲ. ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಅವರಿಗೂ ಒಳಗೊಳಗೆ ಬೇಡವಾಗಿದೆಯೋ ಏನೋ! ಅಷ್ಟು ದೊಡ್ಡವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಬೇಡವೆಂದು, "ಹೋಗ್ಲಿ ಬಿಡಿ, ನಾನು ಹೋಗೂದಿಲ್ಲ" ಅಂದುಬಿಟ್ಟೆ.

ಅತ್ತೆ ಎದ್ದರು. ನನ್ನ ಕಡೆ ನೋಡಲೂ ಇಲ್ಲ. ಅಣ್ಣನ ಎದುರು ಹೋಗಿ ನಿಂತು ಎರಡೂ ಕೈ ಮುಗಿದರು.

"ಅಣ್ಣಯ್ಯ, ನೀ ಹೇಳಿದ್ದಕ್ಕೆಲ್ಲ ನನ್ನ ಹತ್ರ ಉತ್ತರ ಅದೆ. ಹೇಳಿದ್ರೆ ನಾನೇ ಗೆಲ್ತೆ, ಅದು ನಿಂಗೂ ಗೊತ್ತು. ನೀ ಸಿಟ್ಟು ಮಾಡ್ಕಂಡು ಎದ್ದು ಹೋಗ್ತಿ. ಇವ್ಳು ಹಿರಿಯರ ಬಾಯಿ ಮುಚ್ಚಿಸಿ ಹೋದ ಹುಡುಗಿ ಅಂತ ಆಗ್ತದೆ. ಇವ್ಳು ಹಂಗೆ ಹೋಗೂದು ಬೇಡ. ಮಗು ನನ್ನ ಮಡಿಲಲ್ಲಿ ಇರ್ತದೆ, ನಾ ನೋಡ್ಕಂತೆ. ನಾ ಸೋತೆ ಅಣ್ಣಯ್ಯ, ಆತಾ? ಹೋಗಿ ಬಾ ಅಂತ ನಿನ್ನ ಬಾಯಲ್ಲೇ ಒಂದು ಮಾತು ಹೇಳಿ ಕಳ್ಸು."

ದೊಡ್ಡ ಮಾವ ಎದ್ದು ತಂಗಿಯ ಮುಗಿದ ಕೈಗಳನ್ನು ಹಿಡಿದರು. "ಕೈ ಇಳ್ಸೆ ಮಾರಾಯ್ತಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೋಗಿ ಬಾ ಮಗಾ. ಚೆನ್ನಾಗಿ ಓದು" ಅಂದರು.

ನಾನು ಅವರ ಕಾಲಿಗೆ ನಮಸ್ಕರಿಸಿ ಎದ್ದಾಗ ಅತ್ತೆ ಜಗಲಿಯಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಅಳುತ್ತಿದ್ದರು. ಹಿಂದಿನಿಂದ ಹೋಗಿ ತಬ್ಬಿಕೊಂಡೆ. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತೆವು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಸೆರಗಿನಿಂದ ಮೊದಲು ನನ್ನ ಕಣ್ಣು ಒರೆಸಿ, "ಮಗು ಏಳ್ತದೆ, ಸಾಕು" ಅಂದರು.